‘ಮನೆಗೆ ಮಾರಿ’ ಅಂದವರಿಗೆ

ನಮಸ್ಕಾರ ಸರ್,

ದಕ್ಷಿಣ ಕೊಡಗಿನಿಂದ ನೀವು ಬರೆದ ನಾಲ್ಕು ಪುಟದ ಕಾಗದ ತಲುಪಿತು. ಎರಡು ಸಲ ಓದಿದೆ. ಹೋದ ಸಂಚಿಕೆಯಲ್ಲಿ ನಾನು, ಅಕ್ಕಪಕ್ಕದ ದೇಶಗಳು ಒಟ್ಟಾಗಿ ಔಷಧಿ ತಯಾರಿಸಬೇಕು, ಒಟ್ಟಾಗಿ ಖರೀದಿಸಬೇಕು ಅಂತ ಬರೆದಿದ್ದೆ. ಅದಕ್ಕೆ ನಿಮಗೆ ಸಿಟ್ಟು ಬಂದಿದೆ. “ಇಲ್ಲಿ ಹಾವು ಕಚ್ಚಿದರೆ ಹತ್ತಿರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇಲ್ಲ, ಮಡಿಕೇರಿಗೆ ಹೋಗಿ ಅಂತಾರೆ. ನೀವು ಶ್ರೀಲಂಕಾ, ನೇಪಾಳ ಅಂತ ಬರೀತಾ ಕೂತಿದ್ದೀರಿ. ಇದು ಮನೆಗೆ ಮಾರಿ, ಊರಿಗೆ ಉಪಕಾರಿ ಅಲ್ವಾ?” ಅಂತ ಕೇಳಿದ್ದೀರಿ.

ಇಂಜೆಕ್ಷನ್ ಹತ್ತಿರದಲ್ಲೇ ಸಿಗಬೇಕು ಅನ್ನೋದರಲ್ಲಿ ನನ್ನದು ಎರಡು ಮಾತಿಲ್ಲ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದು, ಕರೆಂಟ್ ಹೋಗಿ, ಫೋನ್ ಸತ್ತಿರುವಾಗ ಮಡಿಕೇರಿ ಎಷ್ಟು ದೂರ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಹಾವಿನ ಉದಾಹರಣೆಯನ್ನೇ ನೀವು ಎತ್ತಿದ್ದರಿಂದ ಒಂದು ಸಂಗತಿ ಹೇಳಲೇಬೇಕು.

ಮೂರು ವರ್ಷದ ಹಿಂದೆ ನಮ್ಮ ಪಕ್ಕದ ತೋಟದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸಿಗೆ ಹಾವು ಕಚ್ಚಿತು. ಲೈನ್ ಮನೆಯಲ್ಲಿರುವವರು. ತರಗೆಲೆಯೊಳಗೆ ಕೈ ಹಾಕಿದ್ದಾರೆ, ಬೆರಳಿಗೆ ಕಚ್ಚಿದೆ. ಹಾವು ಒಂದಡಿಗಿಂತ ಸ್ವಲ್ಪ ಉದ್ದ, ಒಣಗಿದ ಎಲೆಯದೇ ಬಣ್ಣ, ಮೂಗಿನ ತುದಿ ಮೇಲಕ್ಕೆ ಎದ್ದಿತ್ತು. ಜೀಪಿನಲ್ಲಿ ಕರೆದುಕೊಂಡು ಹೋದವರಲ್ಲಿ ನಾನೂ ಇದ್ದೆ. ಅಲ್ಲಿ ನರ್ಸ್ ಸಣ್ಣ ಗಾಜಿನ ಟ್ಯೂಬಿಗೆ ಸ್ವಲ್ಪ ರಕ್ತ ತೆಗೆದು ಮೇಜಿನ ಮೇಲೆ ನಿಲ್ಲಿಸಿದರು. ಇಪ್ಪತ್ತು ನಿಮಿಷ ಯಾರೂ ಮುಟ್ಟಬಾರದು ಅಂದರು. ಗೋಡೆ ಗಡಿಯಾರ ನೋಡುತ್ತಾ ನಿಂತೆವು. ಆಮೇಲೆ ಟ್ಯೂಬ್ ವಾಲಿಸಿದರೆ ರಕ್ತ ಹೆಪ್ಪುಗಟ್ಟಿರಲಿಲ್ಲ, ನೀರಿನ ಹಾಗೆ ಹರಿಯಿತು. ಅಂದರೆ ವಿಷ ಏರಿದೆ.

ಆ ಆಸ್ಪತ್ರೆಯ ಫ್ರಿಜ್‌ನಲ್ಲಿ ಇಂಜೆಕ್ಷನ್ ಇತ್ತು ಸರ್, ಬೇಕಾದಷ್ಟು ಇತ್ತು. ಆದರೆ ಮೊಬೈಲಿನಲ್ಲಿ ಹಾವಿನ ಫೋಟೋ ನೋಡಿದ ಡಾಕ್ಟರ್, “ಇದು ಗುಳಿಮಂಡಲ. ಇದಕ್ಕೆ ನಮ್ಮ ಇಂಜೆಕ್ಷನ್ ಕೆಲಸ ಮಾಡಲ್ಲ” ಅಂದುಬಿಟ್ಟರು. ಕಿಡ್ನಿಗೆ ಪೆಟ್ಟು ಬಿತ್ತು. ಮೈಸೂರಿನಲ್ಲಿ ವಾರಗಟ್ಟಲೆ ಡಯಾಲಿಸಿಸ್ ಆಯಿತು. ಬದುಕಿಕೊಂಡರು, ಆದರೆ ತೋಟದ ಕೆಲಸಕ್ಕೆ ಮತ್ತೆ ಬರಲಾಗಲಿಲ್ಲ.

ಯಾಕೆ ಹೀಗೆ? ನಮ್ಮ ದೇಶದಲ್ಲಿ ಸಿಗುವ ಇಂಜೆಕ್ಷನ್ ನಾಲ್ಕೇ ಹಾವಿಗೆ ತಯಾರಾಗುತ್ತದೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಈ ಹಾವುಗಳ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಕೊಟ್ಟು, ಅದರ ರಕ್ತದಿಂದ ಮದ್ದು ತೆಗೆಯುತ್ತಾರೆ. ವಿಷದ ಹೆಚ್ಚಿನ ಪಾಲು ಬರೋದು ತಮಿಳುನಾಡಿನಲ್ಲಿ ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಸಂಘ ಅದು. ಒಂದೇ ಜಾತಿಯ ಹಾವಾದರೂ ಊರಿಂದ ಊರಿಗೆ ವಿಷ ಬೇರೆ ಬೇರೆ ಇರುತ್ತದೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿಕೊಟ್ಟಿದ್ದಾರೆ. ಹಾಗಾಗಿ ಆ ನಾಲ್ಕು ಹಾವು ಕಚ್ಚಿದರೂ ಎಲ್ಲಾ ಕಡೆ ಮದ್ದು ಒಂದೇ ಥರ ಹಿಡಿಯೋದಿಲ್ಲ. ಇನ್ನು ನಮ್ಮ ಗುಳಿಮಂಡಲ ಆ ನಾಲ್ಕರಲ್ಲಿ ಇಲ್ಲವೇ ಇಲ್ಲ.

ಈ ಹಾವು ಇರೋದು ಎಲ್ಲಿ? ಪಶ್ಚಿಮ ಘಟ್ಟದಲ್ಲಿ, ಮತ್ತೆ ಶ್ರೀಲಂಕಾದಲ್ಲಿ. ಶ್ರೀಲಂಕಾದಲ್ಲಂತೂ ಜನರಿಗೆ ಅತಿ ಜಾಸ್ತಿ ಕಚ್ಚುವ ವಿಷದ ಹಾವು ಇದೇ. ನಮ್ಮಲ್ಲಿ ಕಾಫಿ, ಮೆಣಸು, ಏಲಕ್ಕಿ, ಅವರಲ್ಲಿ ಟೀ ಮತ್ತು ರಬ್ಬರ್. ಎರಡು ಕಡೆಯೂ ಬರಿಗೈ, ಬರಿಗಾಲಲ್ಲಿ ಕೆಲಸ ಮಾಡುವ ಬಡವರಿಗೇ ಇದು ಕಚ್ಚೋದು. ಶ್ರೀಲಂಕಾಗೆ ಇವತ್ತಿಗೂ ಹೋಗೋದು ಭಾರತದ ಇಂಜೆಕ್ಷನ್. ನಮ್ಮಲ್ಲಿ ಕೆಲಸ ಮಾಡದ್ದು ಅಲ್ಲಿ ಮಾಡೀತಾ?

ಈಗ ಕಂಪನಿಯವರ ಲೆಕ್ಕ ನೋಡಿ. ಕೊಡಗಿಗೆ ಮಾತ್ರ ಅಂತ ಹೊಸ ಮದ್ದು ತಯಾರಿಸಿದರೆ ಕುದುರೆ ಸಾಕಿದ ಖರ್ಚೂ ಹುಟ್ಟಲ್ಲ. ಕೇರಳ ಸೇರಿಸಿದರೂ ಸಾಲದು ಅನ್ನಬಹುದು. ಘಟ್ಟದ ಜಿಲ್ಲೆಗಳು ಮತ್ತು ಇಡೀ ಶ್ರೀಲಂಕಾ ಒಟ್ಟಾಗಿ, ‘ಇಷ್ಟು ವರ್ಷ, ಇಷ್ಟು ಬಾಟಲಿ, ಈ ದರಕ್ಕೆ ಕೊಳ್ಳುತ್ತೇವೆ’ ಅಂತ ಬರೆದುಕೊಟ್ಟರೆ? ಆಗ ಮಾತು ಬೇರೆಯಾಗುತ್ತದೆ. ನಾನು ಶ್ರೀಲಂಕಾ ಅಂತ ಬರೆದಿದ್ದು ಪಕ್ಕದ ತೋಟದ ಆ ಹೆಂಗಸಿಗಾಗಿ ಸರ್.

ಇದು ಆಗದ ಮಾತೇನಲ್ಲ. ಮಧ್ಯ ಅಮೆರಿಕದ ಕೋಸ್ಟಾರಿಕಾದಲ್ಲಿ ಇರೋದು ಸುಮಾರು 50 ಲಕ್ಷ ಜನ. 1970ರಲ್ಲಿ ಅಲ್ಲಿ ಹಾವಿನ ಮದ್ದಿಗೆ ಅಂತಲೇ ಕ್ಲೊಡೊಮಿರೊ ಪಿಕಾಡೊ ಸಂಸ್ಥೆ ಶುರುವಾಯಿತು. ಇವತ್ತು ಸರ್ಕಾರಿ ವಿಶ್ವವಿದ್ಯಾಲಯದ ಕೆಳಗೆ ಅದು ನಡೆಯುತ್ತಿದೆ, ಸುತ್ತಲಿನ ದೇಶಗಳಿಗೂ ಮದ್ದು ಕೊಡುತ್ತದೆ. ನನಗೆ ಸಂಕಟವಾಗೋದು ಎಲ್ಲಿ ಗೊತ್ತಾ? ಶ್ರೀಲಂಕಾದ ವಿಜ್ಞಾನಿಗಳು ಈ ಗುಳಿಮಂಡಲವನ್ನೂ ಸೇರಿಸಿ ತಮ್ಮ ಹಾವುಗಳಿಗೆ ಹೊಸ ಮದ್ದು ತಯಾರಿಸಲು ಕೈಜೋಡಿಸಿದ್ದು ಆ ಕೋಸ್ಟಾರಿಕಾದವರ ಜೊತೆ. ಭೂಮಿಯ ಆ ಬದಿ! ನಮ್ಮ ಧನುಷ್ಕೋಟಿಯಿಂದ ಶ್ರೀಲಂಕಾದ ತಲೈಮನ್ನಾರ್‌ಗೆ 30 ಕಿಲೋಮೀಟರ್ ಆಸುಪಾಸು. ಕುದುರೆ ಲಾಯ, ಕಾರ್ಖಾನೆ, ಹಾವು ಹಿಡಿದು ವಿಷ ತೆಗೆಯಬಲ್ಲ ಜನ ಎಲ್ಲಾ ನಮ್ಮಲ್ಲಿದ್ದಾರೆ.

ಕೊನೆಯ ಪುಟದಲ್ಲಿ ನೀವು ಕೊರೊನಾ ಲಸಿಕೆಯ ಮಾತೂ ಎತ್ತಿದ್ದೀರಿ, ಹೊರಗೆ ಕಳಿಸಿದ್ದೇ ತಪ್ಪು ಅಂದಿದ್ದೀರಿ. 2021ರ ಜನವರಿ 20ರಂದು ಮೊದಲು ಹೋಗಿದ್ದು ಭೂತಾನ್ ಮತ್ತು ಮಾಲ್ಡೀವ್ಸ್‌ಗೆ. ಎರಡನೇ ಅಲೆ ಬಂದಾಗ ನಾವು ಕಳಿಸೋದು ನಿಲ್ಲಿಸಿದೆವು. ನೇಪಾಳ 20 ಲಕ್ಷ ಡೋಸ್ ಕೊಂಡಿತ್ತು, ಸಿಕ್ಕಿದ್ದು 10 ಲಕ್ಷ. ಭೂತಾನ್‌ನವರು ಎರಡನೇ ಡೋಸ್‌ಗೆ ಜುಲೈವರೆಗೆ ಕಾದು, ಅಮೆರಿಕ, ಡೆನ್ಮಾರ್ಕ್‌ನಂಥ ದೇಶಗಳು ಕೊಟ್ಟಿದ್ದನ್ನು ಹಾಕಿಸಿಕೊಂಡರು. ನಮ್ಮ ಜನ ಬೆಡ್ ಸಿಗದೆ ಸಾಯುತ್ತಿದ್ದ ಹೊತ್ತಿನಲ್ಲಿ ನಿಲ್ಲಿಸಿದ್ದನ್ನು ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಆದರೆ ಕಷ್ಟ ಬಂದಾಗ ಯಾರಿಗೆ ಎಷ್ಟು ಅಂತ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದರೆ ಅವರು ಅಷ್ಟು ಕಂಗಾಲಾಗುತ್ತಿರಲಿಲ್ಲ. ದಾರಿ ಮುಚ್ಚಿದರೆ ಏನಾಗುತ್ತದೆ ಅಂತ ನಮಗೂ ಗೊತ್ತಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕೇರಳ ಗಡಿಯ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಕಣ್ಣೂರಿನ ಕಡೆ ನೆಂಟರು, ಡಾಕ್ಟರ್ ಇದ್ದವರ ಪಾಡು ನೆನಪಿಸಿಕೊಳ್ಳಿ.

ಇನ್ನು ನಮ್ಮ ಕೈಯಲ್ಲಿ ಆಗುವ ಕೆಲಸ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ, ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಆದೇಶ ಮಾಡಿತು. ಲೆಕ್ಕವೇ ಇಲ್ಲದಿದ್ದರೆ ಯಾವ ದೇಶದ ಜೊತೆ ಕೂತು ಏನು ಮಾತಾಡೋದು? ನಿಮ್ಮ ಕಡೆ ಯಾರಿಗಾದರೂ ಕಚ್ಚಿದರೆ ನಾಟಿ ಮದ್ದು ಅಂತ ಹೊತ್ತು ಕಳೆಯಬೇಡಿ. ಹಾವನ್ನು ಕೊಲ್ಲಲು, ಹಿಡಿಯಲು ಹೋಗಬೇಡಿ. ದೂರದಿಂದಲೇ ಸಿಕ್ಕರೆ ಒಂದು ಫೋಟೋ, ಸಿಗದಿದ್ದರೆ ಬಿಡಿ, ಮೊದಲು ಆಸ್ಪತ್ರೆ. ಹಾವು ಯಾವುದು ಅಂತ ಗೊತ್ತಾದರೆ ಅದನ್ನು ಚೀಟಿಯಲ್ಲಿ ಬರೆಸಿ.

ನಿಮ್ಮ ಊರಿನ ಆಸ್ಪತ್ರೆಯ ವಿಷಯವನ್ನು, ನಿಮ್ಮ ಹೆಸರು ಹಾಕದೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮೊನ್ನೆಯೇ ಬರೆದು ಕಳಿಸಿದ್ದೇನೆ. ಉತ್ತರ ಬಂದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಬರದಿದ್ದರೆ ನಾನೇ ಮಡಿಕೇರಿಗೆ ಹೋಗಿ ಕೇಳಿ ಬರುತ್ತೇನೆ.

– ಸಂಪಾದಕ