ಮೊಬೈಲ್ ಕಿತ್ಕೊಂಡ್ರೆ ಗೇಮ್ ಬಿಡ್ತಾನಾ?

ಪ್ರಶ್ನೆ: ಡಾಕ್ಟ್ರೇ, ಮಗ ಮೊದಲ ಪಿಯುಸಿ. ಮಳೆ ರಜೆಯಲ್ಲಿ ಶುರುವಾದ ಬಿಜಿಎಂಐ ಅನ್ನೋ ಗುಂಡು ಹಾರಿಸುವ ಮೊಬೈಲ್ ಗೇಮ್ ಈಗ ರಾತ್ರಿ ಎರಡರವರೆಗೂ ನಡೆಯುತ್ತದೆ. ಮೊಬೈಲ್ ಕಿತ್ತುಕೊಂಡರೆ ಊಟ ಬಿಟ್ಟು ಬಾಗಿಲು ಹಾಕಿಕೊಳ್ಳುತ್ತಾನೆ. ಇದು ಚಟವೇ?
– ಒಬ್ಬ ತಾಯಿ, ಮೂಡಿಗೆರೆ ತಾಲ್ಲೂಕು

ಉತ್ತರ: ಜಾಸ್ತಿ ಆಡುತ್ತಾನೆ ಅಂದಮಾತ್ರಕ್ಕೆ ಚಟ ಅನ್ನಲು ಬರುವುದಿಲ್ಲ ಅಮ್ಮ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಇದೆ. ಆದರೆ ಅಲ್ಲಿ ಗಂಟೆ ಲೆಕ್ಕ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲ ಹಿಂದೆ ಸರಿದಿರಬೇಕು, ಓದು-ಮನೆ ಹಾಳಾಗುತ್ತಿದ್ದರೂ ಬಿಡದಂತಿರಬೇಕು. ಅದೂ ಸಾಮಾನ್ಯವಾಗಿ 12 ತಿಂಗಳು. ನಿಮ್ಮ ಮಗ ಇನ್ನೂ ಅಲ್ಲಿಗೆ ಹೋಗಿರಲಿಕ್ಕಿಲ್ಲ. ಹಾಗಂತ ಸುಮ್ನೆ ಬಿಡುವುದೂ ಬೇಡ.

ಕಿತ್ತುಕೊಳ್ಳುವುದನ್ನು ಮೊದಲು ನಿಲ್ಲಿಸಿ. ಆ ಆಟದಲ್ಲಿ ನಡುವೆ ತಡೆದು ಇಡಲು ಆಗುವುದಿಲ್ಲ. ಒಂದು ಮ್ಯಾಚ್ ಸುಮಾರು ಅರ್ಧ ಗಂಟೆ, ಅವನ ಸ್ಕ್ವಾಡ್‌ನಲ್ಲಿ, ಅಂದರೆ ತಂಡದಲ್ಲಿ, ಇನ್ನೂ ಮೂವರು ಗೆಳೆಯರು. ನಡುವೆ ಎದ್ದರೆ 'ಅಮ್ಮ ಬೈದ್ರು ಅಂತ ಓಡಿಹೋದ' ಅಂತ ನಾಳೆ ಕಾಲೇಜಲ್ಲಿ ನಗುತ್ತಾರೆ. ಹದಿನಾರರ ಹುಡುಗನಿಗೆ ಸೋಲಿಗಿಂತ ಅದು ದೊಡ್ಡದು. 'ಇದೇ ಕೊನೇ ಮ್ಯಾಚ್' ಅಂತ ಮ್ಯಾಚ್ ಶುರುವಾಗುವ ಮೊದಲೇ ಮಾತಾಗಲಿ. ಇನ್ನೊಂದು ಆಡಬೇಕು ಅನ್ನಿಸುವುದು ಸಹಜ. ಜಾತ್ರೆಯ ಲಕ್ಕಿ ಡಿಪ್ ಹಾಗೆ, ಗೆಲುವು ಯಾವಾಗ ಬರುತ್ತದೋ ಗೊತ್ತಿಲ್ಲದಿರುವುದೇ ಕೈಹಿಡಿದು ಎಳೆಯುತ್ತದೆ.

ನಿಮ್ಮ ಕಡೆ ತೋಟದ ಮನೆಗಳು ದೂರ ದೂರ. ಮಳೆಗಾಲದಲ್ಲಿ ಗೆಳೆಯರು ಸಿಗುವುದೇ ಗೇಮಲ್ಲಿ, ಅಲ್ವಾ? ಬರೀ 'ಆಡಬೇಡ' ಅಂದರೆ ಅವರನ್ನೂ ಕಿತ್ತುಕೊಂಡಂತೆ. ಭಾನುವಾರ ಆ ಮೂವರನ್ನು ಊಟಕ್ಕೆ ಕರೆಯಿರಿ, ಕೇರಂ ಬೋರ್ಡ್ ಹೊರಗೆ ತೆಗೆಯಿರಿ.

ನಿದ್ದೆ ಸರಿಹೋಗದೆ ಬೇರೇನೂ ಸರಿಹೋಗದು. ರಾತ್ರಿ ಹತ್ತಕ್ಕೆ ಎಲ್ಲರ ಮೊಬೈಲೂ ಹಾಲ್‌ನಲ್ಲಿ ಚಾರ್ಜಿಗೆ ಬೀಳಲಿ. ಅವರಪ್ಪನದ್ದೂ! ಹಾಸಿಗೆಯಲ್ಲಿ ರೀಲ್ಸ್ ನೋಡುತ್ತಾ ಬೈದರೆ ಯಾವ ಮಗ ಕೇಳುತ್ತಾನೆ? ಮೊದಮೊದಲು ಸಿಡಿಮಿಡಿ ಇರುತ್ತದೆ, ಜಗಳಕ್ಕಿಳಿಯಬೇಡಿ.

ಕಾಲೇಜು ಬಿಟ್ಟರೆ, ಕೈ ಮಾಡಿದರೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡಬೇಡಿ, ಕೂಡಲೇ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 'ಶಟ್' ಕ್ಲಿನಿಕ್ ಇದೆ.

ಇನ್ನೊಂದು, ನಿಮ್ಮ ಯುಪಿಐ ಪಿನ್ ಅವನಿಗೆ ಗೊತ್ತಿದ್ದರೆ ಇವತ್ತೇ ಬದಲಿಸಿ. ಗನ್ ಸ್ಕಿನ್‌ಗೆ, ಅಂದರೆ ಆಟದ ಬಂದೂಕಿನ ಅಲಂಕಾರಕ್ಕೆ, ದುಡ್ಡು ಹೋಗಿದೆಯಾ ಅಂತ ಪಾಸ್‌ಬುಕ್ಕನ್ನೂ ಒಮ್ಮೆ ನೋಡಿ.