ಗಟಾರದ ಲೆಕ್ಕವೂ ಓದತಕ್ಕದ್ದೇ

ಬೆಟಗೇರಿಯ ನಿವೃತ್ತ ಮಾಸ್ತರರೊಬ್ಬರು ಕಳೆದ ಸಂಚಿಕೆಯ ಬಗ್ಗೆ ಬೇಸರದಿಂದ ಬರೆದಿದ್ದಾರೆ. ನಮ್ಮ ಜಿಲ್ಲೆಯ ಪುರಸಭೆಯೊಂದರ ಅಧ್ಯಕ್ಷೆ ತಮ್ಮ ಊರಿನ ಸೇವೆಗಳು ಮತ್ತು ಕಾಮಗಾರಿಗಳ ಕುರಿತು ಸಿದ್ಧಪಡಿಸಿದ ವಾರ್ಷಿಕ ವಿವರಣೆಯನ್ನು ನಾವು ಒಂದಕ್ಷರವನ್ನೂ ಬಿಡದೆ ಎರಡು ಪುಟಗಳಲ್ಲಿ ಅಚ್ಚು ಹಾಕಿದ್ದು ಅವರಿಗೆ ಹಿಡಿಸಿಲ್ಲ. “ವೀರನಾರಾಯಣನ ಊರಾದ ಗದಗಿನಿಂದ ಹೊರಡುವ ಪತ್ರಿಕೆಯಲ್ಲಿ ಗಟಾರ, ಬೀದಿದೀಪ, ನೀರಿನ ಟಾಕಿಗಳ ಯಾದಿಯೇ? ಇದು ಅಧ್ಯಕ್ಷರ ಪ್ರಚಾರ. ಆದ ಕೆಲಸ ಕಣ್ಣಿಗೆ ಕಾಣುತ್ತದೆ, ಅದನ್ನು ಓದಿ ತಿಳಿಯಬೇಕಿಲ್ಲ. ಆ ಎರಡು ಪುಟಗಳಲ್ಲಿ ಒಂದು ಒಳ್ಳೆಯ ಕಥೆ ಬರಬಹುದಿತ್ತು” ಎಂಬುದು ಅವರ ಮಾತಿನ ಸಾರ.

ಮಾಸ್ತರರೇ, ಅಧಿಕಾರದಲ್ಲಿ ಇರುವವರು ತಮ್ಮ ಕೆಲಸವನ್ನು ತಾವೇ ಬಣ್ಣಿಸುವಾಗ ಒಂದಿಷ್ಟು ಒಗ್ಗರಣೆ ಬೀಳುತ್ತದೆ ಎಂಬ ನಿಮ್ಮ ಎಚ್ಚರಿಕೆ ಸರಿಯಾದದ್ದೇ. ವಿವರಣೆಯ ಜೊತೆಗೆ ಭಾವಚಿತ್ರ ಬೇಡವೆಂದು ನಾವು ಮೊದಲೇ ತಿಳಿಸಿದ್ದೂ ಅದಕ್ಕಾಗಿಯೇ. ಅಷ್ಟನ್ನು ಒಪ್ಪಿದ ಮೇಲೆ, ಉಳಿದದ್ದನ್ನು ನಾನು ಒಪ್ಪಲಾರೆ.

ನೀವು ತಲೆಬರಹ ನೋಡಿ ಪುಟ ತಿರುವಿದಿರೆಂದು ನನ್ನ ಅನುಮಾನ. ಓದಿದ್ದರೆ, ಮುಗಿದ ಕೆಲಸಗಳಿಗಿಂತ ಮುಗಿಯದ ಕೆಲಸಗಳಿಗೇ ಅದರಲ್ಲಿ ಹೆಚ್ಚು ಜಾಗ ಸಿಕ್ಕಿದೆ ಎಂಬುದು ನಿಮ್ಮಂಥ ಸೂಕ್ಷ್ಮ ಓದುಗರಿಗೆ ತಪ್ಪುತ್ತಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಗೆ ಸಿಹಿನೀರಿನ ಪೈಪು ಏಕೆ ತಲುಪಿಲ್ಲ, ರಸ್ತೆ ಅಗೆಯಲು ಯಾವ ಇಲಾಖೆಯ ಅನುಮತಿ ಬರಬೇಕಿದೆ, ರುದ್ರಭೂಮಿಯ ದಾರಿಗೆ ಎರಡು ಸಲ ಟೆಂಡರ್ ಕರೆದರೂ ಗುತ್ತಿಗೆದಾರರು ಏಕೆ ಮುಂದೆ ಬರಲಿಲ್ಲ, ಕಸದ ಗಾಡಿ ಯಾವ ವಾರ್ಡಿಗೆ ಯಾವ ದಿನ ಬರತಕ್ಕದ್ದು ಎಂಬುದೆಲ್ಲ ಅಲ್ಲಿ ತಿಳಿಗನ್ನಡದಲ್ಲಿದೆ. ಆದ ಕೆಲಸ ಕಣ್ಣಿಗೆ ಕಾಣುತ್ತದೆ ಎನ್ನುತ್ತೀರಿ. ಆಗದ ಕೆಲಸದ ಕಾರಣ ಯಾರ ಕಣ್ಣಿಗೆ ಕಾಣುತ್ತದೆ?

ನಾನು ಹಿಂದೆ ಇದ್ದ ಓಣಿಯ ಗಟಾರ ಒಂದು ಮಳೆಗಾಲದಲ್ಲಿ ಒಡೆದು, ಹೊಲಸು ನೀರು ಅಂಗನವಾಡಿಯ ಬಾಗಿಲವರೆಗೆ ಹರಿಯತೊಡಗಿತು. ಮೂರು ವರ್ಷ ಕಚೇರಿಗೆ ಅಲೆದೆವು. ಹೋದಾಗಲೆಲ್ಲ “ಎಸ್ಟಿಮೇಟ್ ಆಗೇತ್ರಿ, ಮಂಜೂರಾತಿ ಬರಬೇಕ್ರಿ” ಎಂಬ ಒಂದೇ ಉತ್ತರ. ಕಡೆಗೆ ಗೊತ್ತಾದದ್ದೇನೆಂದರೆ, ಕಡತದಲ್ಲಿ ವಾರ್ಡಿನ ಸಂಖ್ಯೆ ತಪ್ಪಾಗಿತ್ತು. ಮೇಲಿನವರು ಅದನ್ನು ಹಿಂದಕ್ಕೆ ಕಳುಹಿಸಿದ್ದರು. ಹಿಂದಕ್ಕೆ ಬಂದದ್ದು ಕಪಾಟಿನಲ್ಲಿ ಮಲಗಿತ್ತು. ಅಂಥ ಕಾಮಗಾರಿಗಳ ಯಾದಿ ಎಲ್ಲಿಯಾದರೂ ಅಚ್ಚಾಗಿದ್ದರೆ ನಮ್ಮ ಓಣಿಯ ಹೈಸ್ಕೂಲು ಹುಡುಗನೊಬ್ಬ ಆ ತಪ್ಪನ್ನು ಒಂದೇ ನೋಟಕ್ಕೆ ಹಿಡಿಯುತ್ತಿದ್ದ.

ಇನ್ನು ಪ್ರಚಾರದ ಮಾತು. ಸಂಚಿಕೆ ಹೊರಬಂದ ಮರುವಾರ ಅದೇ ಊರಿನ ಗೃಹಿಣಿಯೊಬ್ಬರು ನಮ್ಮ ಪತ್ರಿಕೆಯ ಕಚೇರಿಗೆ ಫೋನ್ ಮಾಡಿದರು. ಅವರ ಓಣಿಯ ಬೋರ್‌ವೆಲ್ಲಿಗೆ ಮೋಟರು ಕೂಡಿಸಿದೆ ಎಂದು ಯಾದಿಯಲ್ಲಿದೆಯಂತೆ. ಅಲ್ಲಿ ಇರುವುದು ತುಕ್ಕು ಹಿಡಿದ ಕೇಸಿಂಗ್ ಪೈಪು ಮಾತ್ರ. ಗಿರಣಿಯಲ್ಲಿ ಹಿಟ್ಟು ಬೀಸಲು ಕಾಯುತ್ತಿದ್ದಾಗ ಆ ಪುಟವನ್ನು ಓದಿದ ಅವರು, ಅದನ್ನು ಕತ್ತರಿಸಿಕೊಂಡು ನೇರವಾಗಿ ವಾರ್ಡಿನ ಸದಸ್ಯರ ಮನೆಗೆ ಹೋಗಿದ್ದಾರೆ. ಬಾಯಿಮಾತಿನ ಭರವಸೆಯನ್ನು ಹೀಗೆ ಕತ್ತರಿಸಿ ಕೈಯಲ್ಲಿ ಹಿಡಿಯಲು ಬರುತ್ತದೆಯೇ? ಅಚ್ಚಾದ ಸುಳ್ಳಿಗೆ ಸಿಕ್ಕಿಬೀಳುವ ಗುಣವಿದೆ ಎಂಬ ನಂಬಿಕೆಯಿಂದಲೇ ನಾನು ಆ ಯಾದಿಯನ್ನು ಮೊಟಕುಗೊಳಿಸಲಿಲ್ಲ.

ಇದು ವೀರನಾರಾಯಣನ ಊರಿಗೆ ಒಪ್ಪುವುದಿಲ್ಲವೆಂದು ನೀವು ಬರೆದದ್ದು ನನಗೆ ಹೆಚ್ಚು ನೋವು ಕೊಟ್ಟಿತು. ಇಲ್ಲೇ ತ್ರಿಕೂಟೇಶ್ವರನ ಗುಡಿಗೋ ಲಕ್ಕುಂಡಿಗೋ ಹೋಗಿ ಶಾಸನಗಳ ಮುಂದೆ ಒಂದು ಗಳಿಗೆ ನಿಲ್ಲಿ. ಮೊದಲು ದೇವರ ಮತ್ತು ಅರಸನ ಸ್ತುತಿ ಬರುತ್ತದೆ, ನಿಜ; ಆದರೆ ಶಾಸನದ ಜೀವ ಇರುವುದು ಮುಂದಿನ ಸಾಲುಗಳಲ್ಲಿ. ಬಿಟ್ಟ ಭೂಮಿ ಆಗಿನ ಅಳತೆಯಲ್ಲಿ ಎಷ್ಟು ಮತ್ತರು, ಅದನ್ನು ಅಳೆದ ಗಳೆ (ಅಳತೆಕೋಲು) ಯಾವುದು, ನಾಲ್ಕು ದಿಕ್ಕಿನ ಎಲ್ಲೆ ಎಲ್ಲಿಗೆ, ನೋಡಿಕೊಳ್ಳಬೇಕಾದವರು ಯಾರು ಎಂಬುದನ್ನು ನಮ್ಮ ಹಿರಿಯರು ಕಲ್ಲಿನಲ್ಲಿ ಕೆತ್ತಿಸಿ, ಹತ್ತು ಜನ ಓಡಾಡುವ ಜಾಗದಲ್ಲಿ ನಿಲ್ಲಿಸಿದರು. ಕೆರೆಯ ಉಸ್ತುವಾರಿಗೆಂದು ಬಿಟ್ಟ ಭೂಮಿಗೆ ‘ಬಿತ್ತುವಟ್ಟ’ ಎಂಬ ಪ್ರತ್ಯೇಕ ಹೆಸರೇ ಇತ್ತು. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಣಗಿನಹಾಳವೂ ನಮ್ಮದೇ ತಾಲ್ಲೂಕಿನಲ್ಲಿದೆ. ಸದಸ್ಯನ ಮುಂದೆ ಲೆಕ್ಕ ಇಡದ ಸಹಕಾರ ಸಂಘ ಉಂಟೇ? ನಾಲ್ಕು ಜನರ ಮುಂದೆ ಲೆಕ್ಕ ಒಪ್ಪಿಸುವುದು ಈ ನೆಲಕ್ಕೆ ಹೊರಗಿನಿಂದ ಬಂದ ಪದ್ಧತಿಯಲ್ಲ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನಗರಾಡಳಿತಕ್ಕೆ ಸೇರತಕ್ಕ 18 ವಿಷಯಗಳನ್ನು ಹೆಸರಿಸಿದೆ. ನೀರು, ರಸ್ತೆ, ನೈರ್ಮಲ್ಯ, ರುದ್ರಭೂಮಿ, ಜನನ-ಮರಣದ ನೋಂದಣಿ, ಬೀದಿದೀಪ, ಬಿಡಾಡಿ ದನ ಕೂಡಿಹಾಕುವ ಕೊಂಡವಾಡ ಕೂಡ ಆ ಪಟ್ಟಿಯಲ್ಲಿವೆ. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದೂ ಅದು ಹೇಳುತ್ತದೆ. ಹಳ್ಳಿಯವರಿಗೆ ಗ್ರಾಮಸಭೆ ಇದೆ. ಬಂದವರು ಎದ್ದು ನಿಂತು ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಬಹುದು. ಹುಬ್ಬಳ್ಳಿ-ಧಾರವಾಡದಂಥ ದೊಡ್ಡ ಊರಿಗೆ, ಕಾಗದದ ಮೇಲಾದರೂ, ವಾರ್ಡ್ ಸಮಿತಿಯ ಹಕ್ಕಿದೆ. ನಡುವಿನ ನಾವು, ಗದಗ-ಬೆಟಗೇರಿ, ಹಾವೇರಿ, ರಾಣೇಬೆನ್ನೂರಿನವರು, ಎಲ್ಲಿ ನಿಂತು ಕೇಳಬೇಕು? ನಮ್ಮಂಥ ಊರಿನವರಿಗೆ ಅಧ್ಯಕ್ಷರ ಇಂಥ ಒಂದು ವಿವರಣೆಯೇ ಗ್ರಾಮಸಭೆಯ ಸ್ಥಾನದಲ್ಲಿ ನಿಲ್ಲಬೇಕಾಗಿದೆ.

ದೊಡ್ಡ ಊರಿನವರ ಪಾಡೂ ಬಹಳ ಬೇರೆಯಲ್ಲ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಹಿಂದಿನ ಅವಧಿ 2019ರಲ್ಲಿ ಮುಗಿದರೂ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಗೆದ್ದ 82 ಸದಸ್ಯರು ಮೇಯರನ್ನು ಆರಿಸಲು 2022ರ ಮೇ ತಿಂಗಳವರೆಗೆ ಕಾದರು. ಅಷ್ಟು ದಿನ ಜನರು ನೀರಿನ ಬಗ್ಗೆ ಕೇಳಲು ಚುನಾಯಿತ ಸಭೆಯೇ ಇರಲಿಲ್ಲ. ಅದೇ ಊರಿನ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನಲ್ಲಿಯಲ್ಲಿ ನೀರು ಬರತೊಡಗಿ ಹದಿನೈದು ವರ್ಷ ದಾಟಿದರೂ ಬೇರೆ ಬಡಾವಣೆಗಳ ಹೆಣ್ಣುಮಕ್ಕಳು ದಿನ ಎಣಿಸಿ ಕೊಡ ತುಂಬಿಟ್ಟುಕೊಳ್ಳುವುದು ತಪ್ಪಲಿಲ್ಲ. ಬೆಂಗಳೂರಿನಲ್ಲಿ ಯಾವ ಮಂತ್ರಿಯ ಕುರ್ಚಿ ಅಲುಗಾಡಿತೆಂದು ಟಿವಿ ವಾಹಿನಿಗಳು ಹಗಲಿರುಳು ಹೇಳುತ್ತವೆ. ಚಹಾದಂಗಡಿಯಲ್ಲಿ ದಿಲ್ಲಿಯ ಲೆಕ್ಕಾಚಾರವನ್ನು ಬಾಯಿಪಾಠ ಒಪ್ಪಿಸುವವರಿಗೆ ತಮ್ಮ ವಾರ್ಡಿನ ಸದಸ್ಯರ ಹೆಸರು ತಿಳಿದಿರುವುದಿಲ್ಲ. ಸಾಹಿತ್ಯ ಓದುವ ನಾವೂ ಗಟಾರದ ವಿಷಯ ಕೆಳಗಿನದೆಂದು ಮೂಗು ಮುಚ್ಚಿಕೊಂಡರೆ, ಅದನ್ನು ಓದುವವರು ಗುತ್ತಿಗೆದಾರರು ಮಾತ್ರ.

ಆದ್ದರಿಂದ ಆ ಎರಡು ಪುಟಗಳನ್ನು ನಾನು ಕಥೆಗೆ ಬಿಟ್ಟುಕೊಡಲಾರೆ. ಕಥೆಗೆ ಬೇರೆ ಪುಟಗಳಿವೆ. ಮುಂದಿನ ಸಂಚಿಕೆಯಲ್ಲಿ ಆ ಬೋರ್‌ವೆಲ್ಲಿನ ಬಗ್ಗೆ ಅಧ್ಯಕ್ಷೆಯವರ ಉತ್ತರವನ್ನು, ಗೃಹಿಣಿಯ ದೂರಿನ ಪಕ್ಕದಲ್ಲೇ, ಪ್ರಕಟಿಸುತ್ತೇವೆ. ನಿಮ್ಮಲ್ಲಿ ನನ್ನದೊಂದು ಕೋರಿಕೆಯಿದೆ. ಸಾವಿರಾರು ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ ನಿಮ್ಮದು. ಒಂದು ತಿಂಗಳು ನಿಮ್ಮ ಓಣಿಗೆ ನೀರು ಬಂದ ದಿನ, ಬಂದ ಹೊತ್ತು, ನಿಂತ ಹೊತ್ತುಗಳನ್ನು ಒಂದು ವಹಿಯಲ್ಲಿ ಬರೆದಿಟ್ಟು ನಮಗೆ ಕಳುಹಿಸಿಕೊಡಿ. ಅದಕ್ಕೂ ಒಂದು ಪುಟ ಕಾಯ್ದಿರಿಸಿದ್ದೇನೆ.