ಶೇ 50ರ ಸುಂಕಕ್ಕೆ ಬೆಲೆಯನ್ನು ಅರ್ಧ ಇಳಿಸಬೇಕೇ?

ಪ್ರಶ್ನೆ: ನಮ್ಮದು ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಮರದ ಗೊಂಬೆಗಳನ್ನು ತಯಾರಿಸುವ ಸಣ್ಣ ಘಟಕ. ಅಮೆರಿಕದ ನ್ಯೂಜೆರ್ಸಿಯ ಆಟಿಕೆ ಅಂಗಡಿಯೊಂದು ನಮ್ಮಿಂದ ಸಗಟಾಗಿ ಕೊಳ್ಳುತ್ತದೆ. ನಮ್ಮ ಜಾಲತಾಣದ ಮೂಲಕ ಅಲ್ಲಿನ ಮನೆಗಳಿಗೆ ಬಿಡಿಯಾಗಿಯೂ ಕಳುಹಿಸುತ್ತೇವೆ. 2025ರ ಆಗಸ್ಟಿನಲ್ಲಿ ಭಾರತದ ಸರಕಿನ ಮೇಲೆ ಅಮೆರಿಕದ ಶೇ 50ರಷ್ಟು ಸುಂಕ ಬಿದ್ದ ಮೇಲೆ ಅಂಗಡಿಯವರು ನಮ್ಮ ಬೆಲೆಯನ್ನು ಅರ್ಧಕ್ಕೆ ಇಳಿಸಲು ಕೇಳುತ್ತಿದ್ದಾರೆ. ಹಾಗೆ ಮಾಡಿದರೆ ಕೆಲಸಗಾರರ ಕೂಲಿಯೂ ಹುಟ್ಟುವುದಿಲ್ಲ. ಸುಂಕ ಕಟ್ಟಬೇಕಾದವರು ಯಾರು? ದುಬೈನಲ್ಲಿರುವ ನೆಂಟರ ಮೂಲಕ ಕಳುಹಿಸಿದರೆ ಸುಂಕ ಕಡಿಮೆಯಾಗುವುದೇ?
– ಓದುಗರೊಬ್ಬರು, ಚನ್ನಪಟ್ಟಣ

ಉತ್ತರ: ಬೆಲೆಯನ್ನು ಅರ್ಧಕ್ಕೆ ಇಳಿಸಲು ದಯವಿಟ್ಟು ಒಪ್ಪಬೇಡಿ, ಆ ಬೇಡಿಕೆಯ ಹಿಂದಿರುವ ಲೆಕ್ಕವೇ ಸರಿಯಿಲ್ಲ. ನೀವು ಒಂದು ಗೊಂಬೆಯನ್ನು 10 ಡಾಲರಿಗೆ ಕೊಡುತ್ತಿದ್ದೀರಿ ಎಂದುಕೊಳ್ಳೋಣ. 2025ರ ಆಗಸ್ಟ್ 7ರಂದು ಜಾರಿಗೆ ಬಂದ ಶೇ 25 ಮತ್ತು ರಷ್ಯಾದ ತೈಲ ಖರೀದಿಯ ಕಾರಣ ಹೇಳಿ ಆಗಸ್ಟ್ 27ರಿಂದ ಸೇರಿಸಿದ ಇನ್ನೊಂದು ಶೇ 25, ಎರಡೂ ಕೂಡಿ ಆ ಗೊಂಬೆಯ ಮೇಲೆ 5 ಡಾಲರ್ ಸುಂಕ ಬೀಳುತ್ತಿತ್ತು. (ಆ ಎರಡೂ ಸುಂಕಗಳು 2026ರ ಫೆಬ್ರುವರಿಯಲ್ಲಿ ಕೊನೆಗೊಂಡವು; ಇಲ್ಲಿನ ಲೆಕ್ಕ ಶೇ 50 ಇದ್ದ ಕಾಲದ್ದು.) ಆದರೆ ನೀವು ಬೆಲೆ ಇಳಿಸಿದಾಗ ಸುಂಕವೂ ಇಳಿಯುತ್ತದೆ ಎಂಬುದನ್ನು ಮರೆಯಬಾರದು. ಬೆಲೆಯನ್ನು 5 ಡಾಲರಿಗೆ ಇಳಿಸಿದರೆ ಸುಂಕ ಎರಡೂವರೆ ಡಾಲರ್ ಆಗಿ, ಅಂಗಡಿಯವರಿಗೆ ಗೊಂಬೆ ಏಳೂವರೆ ಡಾಲರಿಗೇ ಸಿಗುತ್ತದೆ; ಅಂದರೆ ಸುಂಕವೇ ಇಲ್ಲದಿದ್ದ ಕಾಲಕ್ಕಿಂತಲೂ ಅಗ್ಗ. ಇಡೀ ಹೊರೆಯನ್ನು ನೀವೊಬ್ಬರೇ ಹೊತ್ತರೂ ಇಳಿಸಬೇಕಾದದ್ದು ಮೂರನೆಯ ಒಂದು ಭಾಗ ಮಾತ್ರ: 6 ಡಾಲರ್ 67 ಸೆಂಟಿಗೆ ಶೇ 50 ಸೇರಿದರೆ ಹಳೆಯ 10 ಡಾಲರ್ ಆಗುತ್ತದೆ. ಏರಿಕೆಯನ್ನು ಸಮನಾಗಿ ಹಂಚಿಕೊಂಡು, ಅಂಗಡಿಗೆ ತಲಪುವ ಬೆಲೆ ಹನ್ನೆರಡೂವರೆ ಡಾಲರ್ ಎಂದು ನಿಗದಿ ಮಾಡಿದರೆ, ನಿಮ್ಮ ಬೆಲೆ 8 ಡಾಲರ್ 33 ಸೆಂಟ್. ಕಡಿತ ಆರನೆಯ ಒಂದು ಭಾಗ. ಅದೇ ಗೊಂಬೆಯನ್ನು ಅಂಗಡಿಯವರು 30 ಡಾಲರಿಗೆ ಮಾರುವವರಾದರೆ, ಎರಡೂವರೆ ಡಾಲರಿನ ಏರಿಕೆ ಅವರಿಗೆ ತಾಳಿಕೊಳ್ಳಲಾಗದ ಹೊರೆಯಲ್ಲ. ಈ ಅಂಕಿಗಳನ್ನು ಕಾಗದದ ಮೇಲೆ ಬರೆದು ಅವರ ಮುಂದಿಡಿ.

ಕಾನೂನಿನ ಪ್ರಕಾರ ಸುಂಕ ಕಟ್ಟುವವರು ಅಲ್ಲಿನ ಕಸ್ಟಮ್ಸ್ ದಾಖಲೆಯಲ್ಲಿ ಆಮದುದಾರರೆಂದು ಹೆಸರಿರುವವರು. ಸಾಮಾನ್ಯವಾಗಿ ಅದು ಕೊಳ್ಳುವವರೇ. ಆದರೆ ಡಿಡಿಪಿ, ಅಂದರೆ ಸುಂಕವನ್ನೂ ಮಾರುವವರೇ ಕಟ್ಟಿ ಬಾಗಿಲಿಗೆ ತಲಪಿಸುವ ಷರತ್ತಿನ ಮೇಲೆ ನೀವು ಕಳುಹಿಸಿದ್ದರೆ, ಬಿಲ್ಲು ನಿಮ್ಮ ಹೆಸರಿಗೇ ಬರುತ್ತದೆ. ಸುಂಕವಿಲ್ಲದ ಕಾಲದಲ್ಲಿ ಯಾರೂ ಗಮನಿಸದಿದ್ದ ಆ ಮೂರಕ್ಷರ ಈಗ ಒಂದು ಆರ್ಡರಿನ ಲಾಭವನ್ನೆಲ್ಲ ನುಂಗಬಲ್ಲದು. ಮುಂದಿನ ಆರ್ಡರಿಗೆ ಮುನ್ನ ಷರತ್ತನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಇನ್ನೊಂದು ಮಾತನ್ನೂ ಅದರಲ್ಲಿ ಸೇರಿಸಿ. ಇಲಿನಾಯ್ ರಾಜ್ಯದ ಲರ್ನಿಂಗ್ ರಿಸೋರ್ಸಸ್ ಎಂಬ ಆಟಿಕೆ ಕಂಪನಿ, ಅಮೆರಿಕದ ಅಧ್ಯಕ್ಷರು ತುರ್ತು ಅಧಿಕಾರ ಬಳಸಿ ಹೇರಿದ ಸುಂಕಗಳನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯ ವಾದವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2025ರ ನವೆಂಬರ್ 5ರಂದು ಆಲಿಸಿ, ಆ ಅಧಿಕಾರದಡಿ ಸುಂಕ ಹೇರುವಂತಿಲ್ಲವೆಂದು 2026ರ ಫೆಬ್ರುವರಿ 20ರಂದು ತೀರ್ಪು ನೀಡಿತು. ಕಟ್ಟಿದ ಸುಂಕ ಯಾವಾಗಲಾದರೂ ವಾಪಸಾದರೆ ಆ ಹಣ ಸೇರುವುದು ಆಮದುದಾರರಿಗೆ. ಬೆಲೆ ಇಳಿಸಿ ನಷ್ಟ ಹೊತ್ತ ನಿಮಗಲ್ಲ. ಆದ್ದರಿಂದ ನೀವು ಕೊಡುವ ಕಡಿತಕ್ಕೆ ತಕ್ಕ ಪಾಲು ನಿಮಗೆ ಮರಳಬೇಕೆಂಬ ಸಾಲೊಂದು ಒಪ್ಪಂದದಲ್ಲಿರಲಿ.

ನನಗೆ ಹೆಚ್ಚು ಕಳವಳವಿರುವುದು ನಿಮ್ಮ ಬಿಡಿ ಮಾರಾಟದ ಬಗ್ಗೆ. ಸಗಟಿನಲ್ಲಿ ಸುಂಕ ಬೀಳುವುದು 10 ಡಾಲರಿನ ಮೇಲೆ. ಗಿರಾಕಿಯ ಮನೆಗೆ ನೇರವಾಗಿ ಮಾರಿದಾಗ ಅವರು ಕೊಟ್ಟ 30 ಡಾಲರಿನ ಮೇಲೆಯೇ ಬೀಳುತ್ತದೆ. ಮೊದಲು 800 ಡಾಲರ್‌ವರೆಗಿನ ಪಾರ್ಸೆಲ್ಲುಗಳಿಗೆ ಸುಂಕವೇ ಇರಲಿಲ್ಲ. ಆ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಎಲ್ಲ ದೇಶಗಳಿಗೂ ಕೊನೆಗೊಂಡಿತು. ಅದಕ್ಕೆ ಕೆಲವು ದಿನ ಮುಂಚೆ ನಿಂತುಹೋದ ನಮ್ಮ ಅಂಚೆ ಇಲಾಖೆಯ ಅಮೆರಿಕ ಪಾರ್ಸೆಲ್ ಸೇವೆ ಅಕ್ಟೋಬರ್ 15ರಂದು ಮತ್ತೆ ಆರಂಭವಾಯಿತು. ಆಗ ಘೋಷಿತ ಮೌಲ್ಯದ ಶೇ 50ನ್ನು ಬುಕಿಂಗ್ ಮಾಡುವಾಗಲೇ ಅಂಚೆ ಕಚೇರಿಯಲ್ಲಿ ಕಟ್ಟಬೇಕಿತ್ತು. ದುಬಾರಿಯಾಗಿತ್ತೆಂಬುದು ನಿಜ, ಆದರೂ ಸುಂಕ ಕಟ್ಟಿಸಿಕೊಡುವುದಕ್ಕೆ ಅಂಚೆಯವರು ಬೇರೆ ಶುಲ್ಕ ಹಾಕುತ್ತಿರಲಿಲ್ಲ. ಖಾಸಗಿ ಕೊರಿಯರ್‌ಗಳು ಹಾಕುವ ನಿರ್ವಹಣಾ ಶುಲ್ಕ ಸಣ್ಣ ಪಾರ್ಸೆಲ್ಲಿನಲ್ಲಿ ಸುಂಕದಷ್ಟೇ ಭಾರವಾಗಬಹುದು. ಬಿಡಿ ಗಿರಾಕಿಗಳಿಗೆ ಅಂತಿಮ ಬೆಲೆಯನ್ನು ಜಾಲತಾಣದಲ್ಲಿ ಮೊದಲೇ ತೋರಿಸಿ. ಬಾಗಿಲಲ್ಲಿ ಅನಿರೀಕ್ಷಿತ ಬಿಲ್ಲು ಕಂಡವರು ಪಾರ್ಸೆಲ್ ತಿರಸ್ಕರಿಸುತ್ತಾರೆ, ವಾಪಸು ತರಿಸುವ ಖರ್ಚೂ ನಿಮ್ಮದೇ ಆಗುತ್ತದೆ.

ದುಬೈ ದಾರಿಯನ್ನು ಹಿಡಿಯಬೇಡಿ. ಸುಂಕ ನಿರ್ಧಾರವಾಗುವುದು ಸರಕು ತಯಾರಾದ ದೇಶದಿಂದ, ಹಡಗು ಅಥವಾ ವಿಮಾನ ಹೊರಟ ಊರಿನಿಂದಲ್ಲ. ಚನ್ನಪಟ್ಟಣದ ಗೊಂಬೆ ಎಲ್ಲಿ ಸುತ್ತಿ ಬಂದರೂ ಭಾರತದ್ದೇ. ಮೂಲವನ್ನು ಮರೆಮಾಚಲು ಹೀಗೆ ಸುತ್ತಿಸಿದ ಸರಕಿನ ಮೇಲೆ ಶೇ 40ರಷ್ಟು ಸುಂಕದ ಜೊತೆಗೆ ದಂಡವನ್ನೂ ವಿಧಿಸಲು ಅಮೆರಿಕದ ಅಧ್ಯಕ್ಷರ 2025ರ ಜುಲೈ 31ರ ಆದೇಶದಲ್ಲಿಯೇ ಅವಕಾಶವಿತ್ತು.

ನ್ಯಾಯವಾಗಿ ಉಳಿಸಬಹುದಾದದ್ದು ಇನ್‌ವಾಯ್ಸಿನಲ್ಲಿದೆ. ಅಮೆರಿಕ ಸುಂಕ ಲೆಕ್ಕ ಹಾಕುವಾಗ ಅಂತರರಾಷ್ಟ್ರೀಯ ಸಾಗಣೆ ಮತ್ತು ವಿಮೆಯ ಖರ್ಚನ್ನು ಬಿಡುತ್ತದೆ. ನಮ್ಮ ದೇಶದ ಪದ್ಧತಿ ಹಾಗಲ್ಲ, ಇಲ್ಲಿ ಅವೂ ಸೇರುತ್ತವೆ. ನೀವು ಸಾಗಣೆಯನ್ನೂ ಸೇರಿಸಿ ಒಂದೇ ಮೊತ್ತ ಬರೆದರೆ ಆ ಖರ್ಚಿಗೂ ಸುಂಕ ಬೀಳುತ್ತದೆ. ಆದ್ದರಿಂದ ನಿಜವಾಗಿ ತಗಲಿದ ಸಾಗಣೆ ಮತ್ತು ವಿಮೆಯನ್ನು ಪ್ರತ್ಯೇಕ ಸಾಲಿನಲ್ಲಿ ನಮೂದಿಸಿ. ಕಸ್ಟಮ್ಸ್‌ನವರು ಸರಕನ್ನು ಗುರುತಿಸಲು ಬಳಸುವ ಕೋಡನ್ನೂ ಪರಿಶೀಲಿಸಿ: ಮಕ್ಕಳ ಆಟಿಕೆಗಳು ಸೇರುವ 9503ರ ಮೇಲೆ ಅಲ್ಲಿ ಮೂಲ ಸುಂಕವಿಲ್ಲ, 2025ರಲ್ಲಿ ಹೆಚ್ಚುವರಿ ಸುಂಕ ಮಾತ್ರ ಇತ್ತು, ಮನೆಯ ಅಲಂಕಾರಕ್ಕಿಡುವ ಮರದ ವಸ್ತುಗಳು ಸೇರುವ 4420ಕ್ಕೆ ಮೂಲ ಸುಂಕ ಬೇರೆಯೇ ಉಂಟು. ಆದರೆ ಆಟಿಕೆ ಎಂದು ಕಳುಹಿಸಿದ್ದಕ್ಕೆ ಮಕ್ಕಳ ಸುರಕ್ಷತೆಯ ಪರೀಕ್ಷಾ ಪ್ರಮಾಣಪತ್ರವೂ ಬೇಕಾಗುತ್ತದೆ.

ಇಲ್ಲಿ ನಿಮಗೆ ಬರಬೇಕಾದದ್ದನ್ನೂ ಬಿಡಬೇಡಿ. ಎಲ್‌ಯುಟಿ ಎಂಬ ಮುಚ್ಚಳಿಕೆಪತ್ರ ಸಲ್ಲಿಸಿದರೆ ಜಿಎಸ್‌ಟಿ ಕಟ್ಟದೆಯೇ ರಫ್ತು ಮಾಡಬಹುದು, ಕಚ್ಚಾಮಾಲಿಗೆ ಕಟ್ಟಿದ ಜಿಎಸ್‌ಟಿಯನ್ನು ವಾಪಸು ಕೇಳಬಹುದು. ರಫ್ತಾದ ಸರಕಿಗೆ ಬಳಸಿದ ಸಾಮಗ್ರಿಯ ಮೇಲಿನ ಸುಂಕವನ್ನು ಮರಳಿಸುವ ಡ್ರಾಬ್ಯಾಕ್ ಸೌಲಭ್ಯವನ್ನೂ ವಿಚಾರಿಸಿ. ಸಗಟಿನಲ್ಲಿ ಒಬ್ಬರೇ ಗಿರಾಕಿಯನ್ನು ನಂಬಿಕೊಂಡಿರುವುದು ನಿಮ್ಮ ಚೌಕಾಸಿಯ ಬಲವನ್ನು ಕುಗ್ಗಿಸಿದೆ ಎಂದು ನನಗನಿಸುತ್ತದೆ. ದುಬೈ ಸೇರಿರುವ ಯುಎಇ ಜೊತೆಗಿನ ಭಾರತದ ವ್ಯಾಪಾರ ಒಪ್ಪಂದ 2022ರ ಮೇ 1ರಿಂದಲೂ, ಆಸ್ಟ್ರೇಲಿಯಾದ ಜೊತೆಗಿನದು ಅದೇ ವರ್ಷದ ಡಿಸೆಂಬರ್ 29ರಿಂದಲೂ ಜಾರಿಯಲ್ಲಿವೆ. ಅಲ್ಲಿನ ರಿಯಾಯಿತಿ ಪಡೆಯಲು ಸರಕಿನ ಮೂಲದ ಪ್ರಮಾಣಪತ್ರ ಬೇಕಾಗುತ್ತದೆ. ನಿಮ್ಮ ನೆಂಟರು ದುಬೈನಲ್ಲಿಯೇ ಕೊಳ್ಳುವವರನ್ನು ಹುಡುಕಿಕೊಟ್ಟರೆ ಅದು ನಿಜವಾದ ಉಪಕಾರ.

ಪ್ರಶ್ನೆ: ಇಳಕಲ್ ಸೀರೆಗಳನ್ನು ಅಮೆರಿಕದ ಕನ್ನಡಿಗರಿಗೆ ಮಾರುತ್ತೇನೆ. ಪಾರ್ಸೆಲ್ ಮೇಲೆ ‘ಉಡುಗೊರೆ’ ಎಂದು ಬರೆಯಲು ಕೆಲವರು ಕೇಳುತ್ತಾರೆ. ಬರೆಯಬಹುದೇ?
– ಓದುಗರೊಬ್ಬರು, ಬಾಗಲಕೋಟೆ ಜಿಲ್ಲೆ

ಉತ್ತರ: ಬರೆಯಬಾರದು. 100 ಡಾಲರ್‌ವರೆಗಿನ ಉಡುಗೊರೆಗೆ ಇರುವ ವಿನಾಯಿತಿ, ಒಬ್ಬರು ಇನ್ನೊಬ್ಬರಿಗೆ ಹಣ ಪಡೆಯದೆ ಕಳುಹಿಸುವ ವಸ್ತುವಿಗೆ ಮಾತ್ರ ಅನ್ವಯಿಸುತ್ತದೆ. ನೀವು ಹಣ ಪಡೆದು ಮಾರಿದ ಸೀರೆ ಆ ಸಾಲಿಗೆ ಸೇರುವುದಿಲ್ಲ. ಬ್ಯಾಂಕಿಗೆ ಬಂದ ಡಾಲರ್ ಒಂದು ಕಥೆಯನ್ನು, ಪಾರ್ಸೆಲ್ಲಿನ ಚೀಟಿ ಇನ್ನೊಂದನ್ನು ಹೇಳಿದರೆ ಸಿಕ್ಕಿಬೀಳುವವರು ನೀವೇ. ಅಂಥ ಗಿರಾಕಿಗಳಿಗೆ, ನಾಲ್ಕಾರು ಮನೆಯವರು ಕೂಡಿ ಒಬ್ಬರ ವಿಳಾಸಕ್ಕೆ ಒಟ್ಟಾಗಿ ತರಿಸಿಕೊಳ್ಳಲು ಸೂಚಿಸಿ. ಸುಂಕ ತಪ್ಪುವುದಿಲ್ಲ, ಆದರೆ ಪ್ರತಿ ಪಾರ್ಸೆಲ್ಲಿಗೂ ತಗಲುವ ಕೊರಿಯರ್ ಶುಲ್ಕ ಹಂಚಿಹೋಗುತ್ತದೆ.